ನಿಯಮ ಆಮೇಲೆ ಎನ್ನುವವರಿಗೆ

ಪಾಠ ಮೊದಲು ಆನ್‌ಲೈನಿಗೆ ಬರಲಿ, ನಿಯಮಗಳನ್ನು ಆಮೇಲೆ ನೋಡಿಕೊಂಡರಾಯಿತು. ನಮ್ಮ ವಿಶ್ವವಿದ್ಯಾಲಯಗಳ ಸಭೆಗಳಲ್ಲಿ, ಕಾಲೇಜುಗಳ ಸ್ಟಾಫ್ ರೂಮುಗಳಲ್ಲಿ ಈ ಮಾತಿಗೆ ಎದುರಾಡುವವರು ಕಡಿಮೆ. ಹೇಳುವವರು ಕೆಟ್ಟವರಲ್ಲ, ಹಳ್ಳಿ ಮಕ್ಕಳಿಗೆ ಪಾಠ ಮುಟ್ಟಲಿ ಎಂಬ ಕಳಕಳಿಯಿಂದಲೇ ಹೇಳುತ್ತಾರೆ. ವಿದ್ಯಾರ್ಥಿಯ ಖಾಸಗಿತನ ಎನ್ನುವುದು ದೊಡ್ಡ ಊರುಗಳ ಚಿಂತೆ, ಅಂಗವಿಕಲರಿಗೆ ಅನುಕೂಲ ಎನ್ನುವುದು ತರಗತಿಗೆ ಒಬ್ಬರೋ ಇಬ್ಬರೋ ಇರುವವರ ವಿಷಯ, ಇವೆರಡನ್ನೂ ಹಿಡಿದು ಕೂತರೆ ಉಳಿದವರ ಪಾಠ ನಿಂತುಹೋಗುತ್ತದೆ ಎಂದು ಅವರ ವಾದ. ಈ ವಾದ ಬುಡದಿಂದಲೇ ತಪ್ಪು. ಯಾವ ಹಳ್ಳಿಯ ಹೆಸರು ಹೇಳಿ ಇದನ್ನು ಮುಂದಿಡುತ್ತಾರೋ ಆ ಹಳ್ಳಿಗೇ ಇದರಿಂದ ಹೆಚ್ಚು ಹಾನಿ.

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಿಂದ, ಸಿರುಗುಪ್ಪದ ಭತ್ತದ ಸೀಮೆಯ ಊರುಗಳಿಂದ, ಕುರುಗೋಡಿನ ಸುತ್ತಲ ಹಳ್ಳಿಗಳಿಂದ ಪದವಿ ಓದಲು ಹೊರಡುವ ಹುಡುಗ ಹುಡುಗಿಯರನ್ನು ಕಣ್ಣ ಮುಂದಿಟ್ಟುಕೊಂಡು ಈ ಮಾತನ್ನು ಒರೆಗೆ ಹಚ್ಚಬೇಕು. 1953ರಲ್ಲಿ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದ ಸೀಮೆ ಇದು. ಆಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಗೆರೆ ಬಿತ್ತು, ಮಾತು ಮಾತ್ರ ಎರಡೂ ಕಡೆ ಹರಿದಾಡುತ್ತಲೇ ಉಳಿಯಿತು. ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪದವಿಗೆ ಬಂದ ದಿನ ಎದುರಾಗುವುದು ಇಂಗ್ಲಿಷ್. ಇಲ್ಲಿನ ಪದವಿ ಕಾಲೇಜುಗಳು 2010ರಲ್ಲಿ ಹುಟ್ಟಿದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದವು, ಅದಕ್ಕೆ ಮೊದಲು ದೂರದ ಕಲಬುರಗಿಯನ್ನು ನೋಡಬೇಕಿತ್ತು. ಈ ಭಾಗ ಹಿಂದೆ ಬಿದ್ದಿದೆ ಎಂದು 371(ಜೆ) ವಿಧಿಯ ಮೂಲಕ ಸಂವಿಧಾನವೇ ಒಪ್ಪಿಕೊಂಡಿದೆ. ಇಂಥ ಕಡೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಗುವಿಗೆ ಆನ್‌ಲೈನ್ ಪಾಠ ನಿಜಕ್ಕೂ ದೊಡ್ಡ ಆಸರೆ ಆಗಬಹುದು. ಹಾಗಾಗಿಯೇ ಅದು ಹೇಗೆ ಬರುತ್ತದೆ ಎಂಬುದನ್ನು ಆಮೇಲೆ ನೋಡಿಕೊಳ್ಳೋಣ ಎನ್ನಲು ಬರುವುದಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಅಧ್ಯಾಪಕರು ಕೈಗೆ ಸಿಕ್ಕಿದ್ದನ್ನು ಹಿಡಿದು ಪಾಠ ಮಾಡಿದರು. ವಾಟ್ಸ್ಆ್ಯಪ್ ಗ್ರೂಪ್ ಕಟ್ಟಿದರು, ಕೈಬರಹದ ನೋಟ್ಸಿನ ಫೋಟೋ ಹೊಡೆದು ಕಳಿಸಿದರು, ಸ್ವಂತ ಹಣದಲ್ಲಿ ಡೇಟಾ ಹಾಕಿಸಿಕೊಂಡರು. ಆ ಶ್ರಮವನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ತುರ್ತು ಮುಗಿದು ವರ್ಷಗಳಾದವು. 2021ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ‘ಕರ್ನಾಟಕ ಎಲ್‌ಎಂಎಸ್’ ಎಂಬ ಆನ್‌ಲೈನ್ ಕಲಿಕೆಯ ವ್ಯವಸ್ಥೆಯನ್ನು ಉದ್ಘಾಟಿಸಿತು, ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಅದರೊಳಕ್ಕೆ ತಂದಿತು. ಅದೇ ವರ್ಷ ಜೂನಿನಲ್ಲಿ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಯೋಜನೆ ಬಂತು. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಯುಯುಸಿಎಂಎಸ್ ಎಂಬ ಒಂದೇ ಜಾಲತಾಣಕ್ಕೆ ಸರಿಯಿತು. ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇ 40ರವರೆಗೆ ‘ಸ್ವಯಂ’ ವೇದಿಕೆಯ ಆನ್‌ಲೈನ್ ಕೋರ್ಸುಗಳಿಂದ ಪಡೆಯಬಹುದು ಎಂದು ಯುಜಿಸಿ 2021ರಲ್ಲಿ ಹೇಳಿತು. ಅಂದರೆ ಆನ್‌ಲೈನ್ ಈಗ ತಾತ್ಕಾಲಿಕ ಏರ್ಪಾಡಲ್ಲ, ವಿಶ್ವವಿದ್ಯಾಲಯವೇ ಅಲ್ಲಿಗೆ ಮನೆ ಬದಲಾಯಿಸುತ್ತಿದೆ. ಲಾಕ್‌ಡೌನಿನ ಮೊದಲ ವಾರಗಳ ರೂಢಿ ಮಾತ್ರ ಹಾಗೆಯೇ ಉಳಿದಿದೆ: ಗ್ರೂಪಿಗೆ ಹಾಕು, ಫೋಟೋ ಕಳಿಸು, ಪಟ್ಟಿ ಅಂಟಿಸು.

ಖಾಸಗಿತನ ಹಳ್ಳಿಯವರ ಚಿಂತೆಯಲ್ಲ ಎನ್ನುವ ಮಾತನ್ನು ಮೊದಲು ನೋಡೋಣ. ತರಗತಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನೂರು ಜನ ಇದ್ದರೆ ಪ್ರತಿಯೊಬ್ಬರ ನಂಬರ್ ಉಳಿದ 99 ಮಂದಿಗೆ ಕಾಣುತ್ತದೆ. ರೂಪನಗುಡಿಯಂಥ ಊರಿನ ಹುಡುಗಿಯ ಮಟ್ಟಿಗೆ ಆ ನಂಬರ್ ಬಹಳ ಸಲ ಅವಳದ್ದೇ ಅಲ್ಲ, ಅಪ್ಪನದು ಇಲ್ಲವೇ ಅಣ್ಣನದು. ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ಗಂಡಸರು 100ಕ್ಕೆ ಸುಮಾರು 62, ಹೆಂಗಸರು ಸುಮಾರು 35 ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು, ಹಳ್ಳಿಗಳಲ್ಲಿ ಹೆಂಗಸರ ಪಾಲು ಇನ್ನೂ ಕಡಿಮೆ. ಮನೆಯವರು ಅಷ್ಟೋ ಇಷ್ಟೋ ನಂಬಿಕೆ ಇಟ್ಟು ಆ ಫೋನನ್ನು ಸಂಜೆ ಹೊತ್ತು ಅವಳ ಕೈಗೆ ಕೊಡುತ್ತಾರೆ. ಗೊತ್ತಿಲ್ಲದ ನಂಬರಿನಿಂದ ರಾತ್ರಿ ಒಂದು ಕರೆ, ಒಂದು ಅಸಭ್ಯ ಸಂದೇಶ ಬಂದರೆ ಸಾಕು. ಕರೆ ಮಾಡಿದವನನ್ನು ಯಾರೂ ಕೇಳುವುದಿಲ್ಲ, ಫೋನ್ ಅವಳ ಕೈ ತಪ್ಪುತ್ತದೆ. ಅದರ ಜೊತೆ ಪಾಠ, ಅಸೈನ್‌ಮೆಂಟು, ಪರೀಕ್ಷೆಯ ಸುದ್ದಿ ಎಲ್ಲವೂ ತಪ್ಪುತ್ತವೆ. ಮುಂದೆ ಕಾಲೇಜೇ ಬೇಡ, ಸಂಬಂಧ ನೋಡೋಣ ಎಂಬ ಮಾತು ಮನೆಯೊಳಗೆ ಏಳುತ್ತದೆ. ಇಲ್ಲಿ ಸೋರಿದ್ದು ಒಂದು ನಂಬರ್, ಮುರಿದುಬಿದ್ದದ್ದು ಒಂದು ಪದವಿ. ಬೆಂಗಳೂರಿನಲ್ಲಿ ಸ್ವಂತ ಫೋನ್, ಸ್ವಂತ ಕೋಣೆ ಇರುವ ವಿದ್ಯಾರ್ಥಿನಿಗೆ ಇದೇ ಸೋರಿಕೆ ಕಿರಿಕಿರಿ ಆಗಬಹುದು, ಇವಳಿಗೆ ಅದು ಓದಿನ ಕೊನೆ. ಹಾಗಿರುವಾಗ ಖಾಸಗಿತನ ಹೆಚ್ಚು ಬೇಕಾದದ್ದು ಯಾರಿಗೆ?

ಇನ್ನು ಪಟ್ಟಿಗಳು. ವಿದ್ಯಾರ್ಥಿವೇತನ, ಲ್ಯಾಪ್‌ಟಾಪ್, ಶುಲ್ಕ ವಿನಾಯಿತಿ, ಯಾವುದಕ್ಕೇ ಆಗಲಿ ಹೆಸರು, ಜಾತಿ, ಆದಾಯ, ಕೆಲವೊಮ್ಮೆ ಆಧಾರ್ ಸಂಖ್ಯೆ, ಅಂಗವೈಕಲ್ಯದ ಪ್ರಮಾಣ ಎಲ್ಲವೂ ಸಾಲಾಗಿರುವ ಕಡತವನ್ನು ಗ್ರೂಪಿಗೆ ಎಸೆಯುವುದು ನಮ್ಮಲ್ಲಿ ತೀರಾ ಸಹಜವಾಗಿಬಿಟ್ಟಿದೆ. ಪಾರದರ್ಶಕತೆ ಬೇಕಲ್ಲ ಎನ್ನುತ್ತಾರೆ. ಬೇಕು. ಆಯ್ಕೆ ಹೇಗಾಯಿತು, ಕೊನೆಯ ಅಂಕ ಎಷ್ಟಕ್ಕೆ ನಿಂತಿತು, ಯಾವ ಅರ್ಜಿ ಸಂಖ್ಯೆಗಳು ಆಯ್ಕೆಯಾದವು ಎಂದು ತಿಳಿಸಿದರೆ ಪಾರದರ್ಶಕತೆ ಪೂರ್ತಿಯಾಗುತ್ತದೆ. ಒಬ್ಬ ಹುಡುಗನ ಜಾತಿಯನ್ನೂ ಅವನ ಅಪ್ಪನ ಕೂಲಿಯನ್ನೂ ಸಹಪಾಠಿಗಳಿಗೆ ಓದಿಹೇಳುವುದರಿಂದ ಪಾರದರ್ಶಕತೆ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ, ಅವಮಾನ ಹೆಚ್ಚುತ್ತದೆ. ಜಾತಿ ಗೊತ್ತಾದ ಮೇಲೆ ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯ ಬಾಗಿಲಲ್ಲಿ ಏನಾಗುತ್ತದೆ ಎಂಬುದು ಈ ನಾಡಿನವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಎರಡನೆಯ ವಾದಕ್ಕೆ ಬರುತ್ತೇನೆ. ಅಂಗವಿಕಲರು ಒಬ್ಬಿಬ್ಬರು ತಾನೆ, ಅವರಿಗೆ ಬೇರೆ ಏನಾದರೂ ಸಹಾಯ ಮಾಡೋಣ ಎನ್ನುವುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಆಗ ಕಾನೂನು ಗುರುತಿಸುತ್ತಿದ್ದ ವೈಕಲ್ಯಗಳು ಏಳು, 2016ರ ಹೊಸ ಕಾಯ್ದೆಯಲ್ಲಿ ಅವು 21. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅವರಿಗೆ ಕನಿಷ್ಠ ಶೇ 5 ಸೀಟು ಮೀಸಲಿಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ತರಗತಿಯಲ್ಲಿ ಅವರು ಕಾಣದಿದ್ದರೆ ಅದಕ್ಕೆ ಕಾರಣ ಅವರು ಇಲ್ಲದಿರುವುದಲ್ಲ, ಬರಲಾಗದಿರುವುದು. ಬರಲಾಗದ ಹಾಗೆ ಮಾಡಿ, ಬಂದವರು ಕಡಿಮೆ ಎಂದು ಲೆಕ್ಕ ತೋರಿಸುವುದು ನ್ಯಾಯವಲ್ಲ.

ಬಂದವರಿಗೆ ಏನು ಸಿಗುತ್ತದೆ ನೋಡಿ. ಕಣ್ಣು ಕಾಣದ ವಿದ್ಯಾರ್ಥಿ ಇಂದು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಕನ್ನಡವನ್ನು ಕೇಳಿ ಓದಬಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಪರದೆಯ ಅಕ್ಷರಗಳನ್ನು ಓದಿಹೇಳುವ ಟಾಕ್‌ಬ್ಯಾಕ್ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಅದನ್ನು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ಅಂಧ ಯುವಕ 2006ರಲ್ಲಿ ಶುರುಮಾಡಿದರು, ಅದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ. ತಡೆ ಇರುವುದು ವಿದ್ಯಾರ್ಥಿಯ ಕಡೆಯಲ್ಲಿ ಅಲ್ಲ, ಪಾಠ ಹಾಕುವವರ ಕಡೆಯಲ್ಲಿ. ನೋಟ್ಸು ಫೋಟೋ ಆಗಿದ್ದರೆ ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಟಾಕ್‌ಬ್ಯಾಕ್ ಅದರ ಮುಂದೆ ಮೂಕವಾಗುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ ಇನ್ನೂ ಕಷ್ಟ. ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಗುರುತು. ಯಂತ್ರ ಆ ಗುರುತುಗಳನ್ನೇ ಗೊತ್ತುಗುರಿಯಿಲ್ಲದೆ ಒದರುತ್ತದೆ. ಅದೇ ಪಾಠವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಮೊದಲ ಅಕ್ಷರದಿಂದ ಕೊನೆಯವರೆಗೆ ಸ್ಪಷ್ಟವಾಗಿ ಓದಿಹೇಳುತ್ತದೆ. ಕಿವಿ ಕೇಳದವರಿಗೆ ವಿಡಿಯೊ ಪಾಠದ ಕೆಳಗೆ ಮಾತು ಅಕ್ಷರವಾಗಿ ಬರಬೇಕು, ಅದಿಲ್ಲದೆ ಅವರು ಕಾಣುವುದು ಬಾಯಿ ಆಡಿಸುವ ಒಂದು ಮುಖ ಅಷ್ಟೇ.

ಇದರಿಂದ ಉಳಿದವರ ಪಾಠ ನಿಲ್ಲುತ್ತದೆ ಎನ್ನುವವರು ಒಂದು ಸಣ್ಣ ಲೆಕ್ಕ ಮಾಡಲಿ. ಇಪ್ಪತ್ತು ಪುಟಗಳ ಫೋಟೋ ಕಡತ ಹತ್ತಾರು ಎಂಬಿ ತೂಗುತ್ತದೆ. ಅದೇ ಇಪ್ಪತ್ತು ಪುಟ ಯೂನಿಕೋಡ್ ಅಕ್ಷರದಲ್ಲಿ ನೂರಿನ್ನೂರು ಕೆಬಿ ದಾಟುವುದಿಲ್ಲ. ಸಿಗ್ನಲ್ ಎರಡು ಗೆರೆ ತೋರಿಸುವ ಊರಿನಲ್ಲಿ, ದಿನದ ಡೇಟಾ ಸಂಜೆಗೆ ಮುಗಿದುಹೋಗುವ ಮನೆಯಲ್ಲಿ ಯಾವುದು ಬೇಗ ಇಳಿಯುತ್ತದೆ? ಯಾವುದರಲ್ಲಿ ಒಂದು ಪದ ಹುಡುಕಬಹುದು, ಅಕ್ಷರ ದೊಡ್ಡದು ಮಾಡಿ ಚಿಕ್ಕ ಪರದೆಯಲ್ಲಿ ಓದಬಹುದು, ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ಹಾಕಿ ನೋಡಬಹುದು? ಅಂಧ ವಿದ್ಯಾರ್ಥಿಗೆಂದು ಮಾಡಿದ ಕೆಲಸ ಸಿರುಗುಪ್ಪದ ಬಸ್ಸಿನಲ್ಲಿ ನಿಂತು ಓದುವ ಪ್ರತಿಯೊಬ್ಬರಿಗೂ ದಕ್ಕುತ್ತದೆ. ವಿಡಿಯೊದ ಕೆಳಗಿನ ಅಕ್ಷರ ಸಾಲು, ಇಂಗ್ಲಿಷ್ ಉಚ್ಚಾರ ಹಿಡಿಯಲಾಗದ ಕನ್ನಡ ಮಾಧ್ಯಮದ ಮಕ್ಕಳಿಗೂ ಆಧಾರ. ಒಬ್ಬಿಬ್ಬರಿಗಾಗಿ ನೂರು ಜನ ಕಾಯಬೇಕು ಎಂಬ ಮಾತು ಕೆಲಸದ ಅಂದಾಜಿಲ್ಲದೆ ಆಡಿದ್ದು.

ನನ್ನ ಮುಖ್ಯ ತಕರಾರು ಇದಕ್ಕಿಂತ ಆಳದ್ದು. ಖಾಸಗಿತನ ಒಂದು ವಿಷಯ, ಅಂಗವಿಕಲರಿಗೆ ಪ್ರವೇಶ ಇನ್ನೊಂದು ವಿಷಯ ಎಂದು ಎರಡು ಸಮಿತಿ, ಎರಡು ಸುತ್ತೋಲೆ ಮಾಡುತ್ತಾರೆ. ವಿದ್ಯಾರ್ಥಿಯ ಬದುಕಿನಲ್ಲಿ ಅವು ಬೇರೆಯಲ್ಲ. ಜಾಲತಾಣದ ಬಾಗಿಲಲ್ಲಿ ಸೊಟ್ಟ ಅಕ್ಷರಗಳ ಕ್ಯಾಪ್ಚಾ ಚಿತ್ರ ಇದ್ದರೆ, ಅದಕ್ಕೆ ಧ್ವನಿಯ ಬದಲಿ ಇಲ್ಲದಿದ್ದರೆ ಅಂಧ ವಿದ್ಯಾರ್ಥಿ ಏನು ಮಾಡಬೇಕು? ಗೆಳೆಯನನ್ನೋ ಸೈಬರ್ ಸೆಂಟರಿನವರನ್ನೋ ಕೇಳಬೇಕು. ಪಾಸ್‌ವರ್ಡ್ ಹೇಳಬೇಕು, ಒಟಿಪಿ ಓದಿಸಿಕೊಳ್ಳಬೇಕು, ಫೇಲಾದ ವಿಷಯವನ್ನು ಬೇರೆಯವರ ಬಾಯಿಂದ ಎಲ್ಲರೆದುರು ಕೇಳಬೇಕು. ಏನೂ ಬಚ್ಚಿಡಬೇಕಿಲ್ಲದ ಹುಡುಗನೂ ತನ್ನ ಅಂಕವನ್ನು ತಾನೇ ಮೊದಲು ತಿಳಿಯಬೇಕೆಂದು ಬಯಸುತ್ತಾನೆ. ಅಂಧ ವಿದ್ಯಾರ್ಥಿಯ ಪಾಲಿಗೆ ಪ್ರವೇಶ ಇಲ್ಲದ ಜಾಲತಾಣ ಖಾಸಗಿತನವನ್ನೂ ಕಸಿದುಕೊಂಡಿತು. ಅತ್ತ ಫೋನ್ ಕಳೆದುಕೊಂಡ ರೂಪನಗುಡಿಯ ಹುಡುಗಿಯ ಪಾಲಿಗೆ ಖಾಸಗಿತನ ಇಲ್ಲದ ಗ್ರೂಪು ಪ್ರವೇಶವನ್ನೇ ಕಸಿದುಕೊಂಡಿತು. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡಲು ಆಗುವುದೇ ಇಲ್ಲ. ಇವೆರಡೂ ಇಲ್ಲದ ಕಡೆ ಪಾಠ ಆನ್‌ಲೈನಿಗೆ ಬಂದಿದೆ ಎಂದು ಹೇಳುವುದು ಸುಳ್ಳು, ಕೆಲವರಿಗಷ್ಟೇ ಬಂದಿದೆ.

ಎಲ್ಲವೂ ಉಚಿತ, ದೊಡ್ಡ ಕಂಪನಿಗಳೇ ಜಾಗ ಕೊಡುತ್ತಿವೆ, ನಮಗೇಕೆ ತಲೆನೋವು ಎಂದು ಇನ್ನೊಂದು ಸಮಾಧಾನ. ಉಚಿತದ ಮಾತು ಎಷ್ಟು ದಿನದ್ದು ಎಂಬುದನ್ನು ವಿಶ್ವವಿದ್ಯಾಲಯಗಳು 2021ರಲ್ಲೇ ಕಂಡವು. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದ ಗೂಗಲ್, ಇನ್ನು ಇಡೀ ಸಂಸ್ಥೆಗೆ 100 ಟಿಬಿ ಎಂದು ಆ ವರ್ಷ ಸಾರಿತು. ಫೋಟೋ ನೋಟ್ಸು ಮಾಡಲು ನಮ್ಮವರು ನೆಚ್ಚಿಕೊಂಡಿದ್ದ ಕ್ಯಾಮ್‌ಸ್ಕ್ಯಾನರ್ 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದಾಗಿತ್ತು. ಸರ್ಕಾರಿ ವೇದಿಕೆಗಳಾದರೆ ಚಿಂತೆಯಿಲ್ಲ ಎನ್ನಲೂ ಬರುವುದಿಲ್ಲ. ಕೇಂದ್ರದ ‘ದೀಕ್ಷಾ’ ಆ್ಯಪ್ ಮಕ್ಕಳು ಇರುವ ಜಾಗದ ನಿಖರ ಮಾಹಿತಿ ಕಲೆಹಾಕಬಲ್ಲದು ಎಂದು ಹ್ಯೂಮನ್ ರೈಟ್ಸ್ ವಾಚ್ 2022ರ ಮೇ ತಿಂಗಳಲ್ಲಿ ತೋರಿಸಿಕೊಟ್ಟಿತು. ಅದೇ ‘ದೀಕ್ಷಾ’ದಲ್ಲಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳು ಒಂದು ವರ್ಷಕ್ಕೂ ಮೇಲ್ಪಟ್ಟು ಕಾವಲಿಲ್ಲದ ಸರ್ವರಿನಲ್ಲಿ ಬಿದ್ದಿದ್ದವು ಎಂಬುದು 2023ರ ಜನವರಿಯಲ್ಲಿ ಹೊರಬಿತ್ತು. ಶಿಕ್ಷಕರ ಹೆಸರು, ಫೋನ್ ನಂಬರ್ ಮುಚ್ಚುಮರೆ ಇಲ್ಲದೆ ಅಲ್ಲಿದ್ದವು. ಹಾಗಾದರೆ ದಾರಿಯೇ ಇಲ್ಲವೆ? ಇದೆ. ಮೂಡಲ್ ಎಂಬ ಮುಕ್ತ ತಂತ್ರಾಂಶ 2002ರಿಂದ ಇದೆ, ಜಗತ್ತಿನ ಸಾವಿರಾರು ವಿಶ್ವವಿದ್ಯಾಲಯಗಳು ಅದನ್ನು ತಮ್ಮದೇ ಸರ್ವರಿನಲ್ಲಿ ಇಟ್ಟುಕೊಂಡಿವೆ. ಅದರಲ್ಲಿ ವಿದ್ಯಾರ್ಥಿಗೆ ಹೆಸರು ಸಾಕು, ನಂಬರ್ ಯಾರಿಗೂ ಕಾಣಬೇಕಿಲ್ಲ. ಅದನ್ನು ನಡೆಸಲು ಇಬ್ಬರು ಮೂವರು ಬಲ್ಲವರು ಬೇಕು. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳಿಂದ ವರ್ಷವರ್ಷವೂ ಹೊರಬರುವ ಮಕ್ಕಳಲ್ಲಿ ಅಂಥವರು ಸಿಗುತ್ತಾರೆ.

ನಿಯಮ ಬಿಗಿ ಮಾಡಿದರೆ ಇದ್ದ ಪಾಠವೂ ಹೋಗುತ್ತದೆ ಎಂದು ಹೆದರಿಸುವವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಉದಾಹರಣೆ ಕೊಡುತ್ತಾರೆ. ಅವರ ವಾದಗಳಲ್ಲಿ ತೂಕ ಇರುವುದು ಇದೊಂದಕ್ಕೆ. ಅಲ್ಲಿನ ಉಚಿತ ಪಾಠಗಳು ಕಿವುಡರಿಗೆ, ಅಂಧರಿಗೆ ದಕ್ಕುತ್ತಿಲ್ಲ ಎಂದು ನ್ಯಾಯಾಂಗ ಇಲಾಖೆ 2016ರಲ್ಲಿ ಹೇಳಿತು. ಸರಿಪಡಿಸುವ ಬದಲು ವಿಶ್ವವಿದ್ಯಾಲಯ 2017ರಲ್ಲಿ 20,000ಕ್ಕೂ ಹೆಚ್ಚು ಧ್ವನಿ, ವಿಡಿಯೊ ಪಾಠಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ನಷ್ಟವಾದದ್ದು ನಿಜ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರ ನವೆಂಬರಿನಲ್ಲಿ ಅದೇ ಬರ್ಕ್ಲಿ, ತನ್ನ ಆನ್‌ಲೈನ್ ಪಾಠಗಳನ್ನು ಎಲ್ಲರಿಗೂ ದಕ್ಕುವಂತೆ ಮಾಡಲು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಿವುಡರ ಸಂಘ 2015ರಲ್ಲಿ ಹೂಡಿದ್ದ ದಾವೆಯಿಂದ ಹಾರ್ವರ್ಡ್ 2019ರಲ್ಲಿ, ಎಂಐಟಿ 2020ರಲ್ಲಿ ವಿಡಿಯೊಗಳಿಗೆ ಅಕ್ಷರ ಸಾಲು ಹಾಕಲು ಒಪ್ಪಿದ್ದವು. ಇದರಿಂದ ಕಲಿಯಬೇಕಾದ್ದು ಇಷ್ಟು: ಮೊದಲು ಹಾಕಿ ಆಮೇಲೆ ಸರಿಪಡಿಸುತ್ತೇವೆ ಎಂದವರಿಗೆ ಸಾವಿರಾರು ಗಂಟೆಗಳ ರಾಶಿ ಬಿದ್ದ ಮೇಲೆ ಸರಿಪಡಿಸುವುದು ದುಬಾರಿ. ನಾವು ಇನ್ನೂ ಆರಂಭದಲ್ಲಿದ್ದೇವೆ, ನಮ್ಮ ರಾಶಿ ಚಿಕ್ಕದು. ನಿಯಮ ಈಗಲೇ ಬೇಕು ಎನ್ನುವುದಕ್ಕೆ ಬರ್ಕ್ಲಿಗಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಕಾನೂನಿನ ಮಟ್ಟಿಗಂತೂ ‘ಆಮೇಲೆ’ ಎನ್ನುವ ಕಾಲ ಮುಗಿದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಈ ಹಕ್ಕನ್ನು ದೇಶಕ್ಕೆ ಕೇಳಿ ಪಡೆದವರು ಕನ್ನಡ ನಾಡಿನವರು, ಅದು ನಮಗೆ ಹೊರಗಿನದೆನ್ನಲು ಬಾಯಿ ಹೇಗೆ ಬರುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೆಯ ಕಲಂ ಮುದ್ರಣ, ಧ್ವನಿ, ವಿದ್ಯುನ್ಮಾನ ರೂಪದ ಎಲ್ಲವೂ ಅವರಿಗೆ ದಕ್ಕುವ ರೂಪದಲ್ಲಿರಲಿ ಎನ್ನುತ್ತದೆ. ಅದಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಎಂಬ ಅಳತೆಗೋಲೂ ಇದೆ. ಅಂಗವಿಕಲರ ಪ್ರವೇಶದ ಬಗ್ಗೆ ಯುಜಿಸಿಯ ಮಾರ್ಗಸೂಚಿ 2022ರಲ್ಲೇ ಬಂದಿದೆ. ಇಂಥವು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯದ ನಿಯಮ ಬೇಕು ಎಂದು ಅಂಧರಾದ ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿತು. ಅವರು ಅರ್ಜಿ ಹಾಕಿದ್ದು 2005ರಲ್ಲಿ. ಡಿಜಿಟಲ್ ಪ್ರವೇಶ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ತೀರ್ಪಿತ್ತಿತು.

ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಅದರಲ್ಲಿ ಬಳ್ಳಾರಿ ಸೀಮೆಯವರು ಎದೆಗಪ್ಪಿಕೊಳ್ಳಬೇಕಾದ ಒಂದು ಮಾತಿದೆ: ಮಾಹಿತಿ ಯಾಕೆ ಕೇಳುತ್ತಿದ್ದೇವೆ ಎಂಬ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು. ಕನ್ನಡ, ತೆಲುಗು, ಉರ್ದು ಮೂರೂ ಅದರಲ್ಲಿವೆ. ಈಗ ನಡೆಯುವುದೇನು? ಇಂಗ್ಲಿಷಿನ ಉದ್ದನೆಯ ಷರತ್ತುಗಳ ಕೆಳಗೆ ‘ಒಪ್ಪಿದೆ’ ಎಂದು ಗುರುತು ಹಾಕದೆ ಮುಂದಿನ ಪುಟವೇ ತೆರೆಯುವುದಿಲ್ಲ. ಓದಲಾಗದ್ದಕ್ಕೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರುವವರಿಗೆ ಹದಿನೈದು ಹದಿನಾರು ವರ್ಷ, ಪದವಿಯ ಮೊದಲ ವರ್ಷದಲ್ಲೂ ಹದಿನೇಳರವರು ಇರುತ್ತಾರೆ. ಈ ಕಾಯ್ದೆಯ ಕಣ್ಣಲ್ಲಿ ಅವರು ಮಕ್ಕಳು, ಅವರ ವಿಷಯದಲ್ಲಿ ಹೊಣೆ ಇನ್ನೂ ಹೆಚ್ಚು. ಈ ಕಾಯ್ದೆಯನ್ನು ನಾನು ಪೂರ್ತಿ ಒಪ್ಪುವವನಲ್ಲ. ಕಾನೂನುಬದ್ಧ ಪಾಲಕರಿರುವ ವಯಸ್ಕ ಅಂಗವಿಕಲರನ್ನು ಮಕ್ಕಳ ಸಾಲಿಗೆ ಸೇರಿಸಿ ಅವರ ಒಪ್ಪಿಗೆಯನ್ನು ಪಾಲಕರ ಕೈಗೆ ಕೊಟ್ಟಿರುವುದು ಅನ್ಯಾಯ, ಅದು ತಿದ್ದುಪಡಿ ಆಗಬೇಕು. ಆದರೆ ಕಾಯ್ದೆಯಲ್ಲಿ ಕೊರತೆ ಇದೆ ಎಂಬುದು, ಅದರಲ್ಲಿರುವ ಒಳ್ಳೆಯದನ್ನು ಮಾಡದಿರಲು ನೆಪವಾಗದು.

ಕಾಯ್ದೆಯ ಬಹುಪಾಲು ಹೊಣೆಗಳಿಗೆ 18 ತಿಂಗಳ ಅವಕಾಶ ಇದೆ, 2027ರ ಮೇ ತಿಂಗಳಿಗೆ ಅದು ಮುಗಿಯುತ್ತದೆ. ಅಲ್ಲಿಯವರೆಗೆ ಕಾಯಬಹುದು ಎಂದು ಯಾವ ಕುಲಸಚಿವರೂ ಅಂದುಕೊಳ್ಳದಿರಲಿ. ಬರುವ ಸೆಮಿಸ್ಟರಿನಿಂದಲೇ ಯೂನಿಕೋಡ್ ಅಲ್ಲದ ಪಾಠ ಸ್ವೀಕರಿಸುವುದಿಲ್ಲ ಎಂದು ಒಂದು ಸುತ್ತೋಲೆ ಸಾಕು. ಅದರಲ್ಲೇ ಜಾತಿ, ಆದಾಯ, ಆಧಾರ್ ಇರುವ ಪಟ್ಟಿಗಳನ್ನು ಗ್ರೂಪುಗಳಿಗೆ ಹಾಕಕೂಡದು, ಸೂಚನೆ ಕೊಡುವ ಗ್ರೂಪುಗಳಲ್ಲಿ ವಿದ್ಯಾರ್ಥಿನಿಯರ ನಂಬರ್ ಒಬ್ಬರಿಗೊಬ್ಬರಿಗೆ ಕಾಣಕೂಡದು ಎಂದೂ ಸೇರಿಸಬಹುದು. ಅಧ್ಯಾಪಕರಿಗೆ ಎರಡು ದಿನದ ತರಬೇತಿ ಕೊಡಿ, ಟೈಪಿಂಗಿನ ಹೊರೆ ಅವರೊಬ್ಬರ ತಲೆಗೇ ಕಟ್ಟಬೇಡಿ, ಅದಕ್ಕೆ ಸಹಾಯಕರನ್ನು ಕೊಡಿ. ಹೊಸ ಜಾಲತಾಣ ತೆರೆಯುವ ಮುನ್ನ ಬಳ್ಳಾರಿಯ ಒಬ್ಬ ಅಂಧ ವಿದ್ಯಾರ್ಥಿಯಿಂದ, ಹಳ್ಳಿಯ ಒಬ್ಬ ವಿದ್ಯಾರ್ಥಿನಿಯಿಂದ ಅದನ್ನು ಬಳಸಿಸಿ ನೋಡಿ, ಅವರ ಶ್ರಮಕ್ಕೆ ಸಂಭಾವನೆ ಕೊಡಿ.

ಓದುಗರಲ್ಲಿ ತಂದೆತಾಯಿಯರಿದ್ದೀರಿ, ವಿದ್ಯಾರ್ಥಿಗಳಿದ್ದೀರಿ. ನಿಮ್ಮ ಮಗಳ ನಂಬರಿರುವ ಪಟ್ಟಿ ಗ್ರೂಪಿನಲ್ಲಿ ಕಂಡರೆ ಅವಳ ಫೋನ್ ಕಿತ್ತುಕೊಳ್ಳಬೇಡಿ, ಆ ಪಟ್ಟಿ ತೆಗೆಯಿರಿ ಎಂದು ಪ್ರಾಂಶುಪಾಲರಿಗೆ ಬರೆದು ಕೊಡಿ. ನಿಮಗೆ ಓದಲಾಗದ ರೂಪದಲ್ಲಿ ಪಾಠ ಬಂದರೆ ಅದನ್ನೂ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಅಂಗವಿಕಲರ ಹಕ್ಕುಗಳಿಗೆಂದೇ ಕಾಯ್ದೆ ನೇಮಿಸಿರುವ ರಾಜ್ಯ ಆಯುಕ್ತರಿದ್ದಾರೆ, ಹಕ್ಕು ತಪ್ಪಿದ್ದನ್ನು ವಿಚಾರಿಸುವ ಅಧಿಕಾರ ಅವರಿಗಿದೆ. ಅವರಿಗೆ ದೂರು ಕೊಡಿ.